ಕನ್ನಿಮಾರ ಕಲ್ಲಿನ ಹಿಂದಿನ ಉದ್ದಕಾಲುಗಳು

ನನಗೆ ಹೊಟ್ಟೆಕಿಚ್ಚು ಬಂದದ್ದು ಒಡವೆಗಲ್ಲ, ಸೀರೆಗಲ್ಲ. ಒಂದು ಹುಳಕ್ಕೆ. ಹೇಳಿದರೆ ಈಗ ನನ್ನ ಮಗಳು ನಗುತ್ತಾಳೆ. ನಗಲಿ. ಆಗ ನಾನು ನಗಲಿಲ್ಲ.

ಎಂಬತ್ತರ ದಶಕದ ಮಾತು. ಕಾಂಗೇಯಂ ಕಡೆಯ ಒಣಭೂಮಿಯಲ್ಲಿ ಹುಟ್ಟಿದ ನನ್ನನ್ನು ಕೊಯಮತ್ತೂರಿನ ಪಡುವಣಕ್ಕೆ, ಬೆಟ್ಟದ ಬುಡದ ಒಂದು ತೋಟದ ಮನೆಗೆ ಕೊಟ್ಟರು. ಎರಡೂ ಕಡೆ ಬೇಸಾಯದವರೇ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಎಂಟನೇ ಕ್ಲಾಸಿನವರೆಗೆ ತಮಿಳಿನಲ್ಲಿ ಓದಿದೆ. ಕನ್ನಡ ಅಕ್ಷರ ಕಲಿಸಿದ್ದು ಅಜ್ಜ, ದೇವರ ಹಾಡು ಓದಿಕೊಳ್ಳಲಿ ಅಂತ. ಒಂಬತ್ತಕ್ಕೆ ಹೋಗುತ್ತೇನೆ ಅಂದಾಗ, "ಎಂಟು ಸಾಕು, ಹಾಲಿನ ಲೆಕ್ಕ ಬರುತ್ತಲ್ಲ" ಅಂದರು. ಹಾಲಿನ ಲೆಕ್ಕ ಬಂತು. ಅದಕ್ಕೂ ದೇವರಿಗೆ ಕೈ ಮುಗಿದಿದ್ದೇನೆ.

ಗಂಡನ ಮನೆಯಲ್ಲಿ ಕಲ್ಲು ಕಟ್ಟಿದ ದೊಡ್ಡ ಬಾವಿ. ನೀರೆತ್ತುವುದಕ್ಕೆ ಮೋಟಾರು ಇತ್ತು, ಹಾಗಾಗಿ ಯಾರೂ ಬಾವಿಗೆ ಇಳಿಯುತ್ತಿರಲಿಲ್ಲ, ನನ್ನೊಬ್ಬಳನ್ನು ಬಿಟ್ಟು. ಇಪ್ಪತ್ತು ಮೆಟ್ಟಿಲು ಇಳಿದರೆ ಒಂದು ಕಟ್ಟೆ. ಆ ಕಟ್ಟೆಯ ಮೇಲೆ, ಗೋಡೆಗೆ ಒರಗಿಸಿ ಏಳು ಕಲ್ಲು. ನಮ್ಮ ಕಡೆ ನೀರಿರುವಲ್ಲೆಲ್ಲ ಏಳು ಕನ್ಯೆಯರು ಇರುತ್ತಾರೆ, ಕನ್ನಿಮಾರು ಅನ್ನುತ್ತೇವೆ. ಶುಕ್ರವಾರ ಸಂಜೆ ಅವರಿಗೆ ದೀಪ ಇಡುವುದು ದೊಡ್ಡ ಸೊಸೆಯ ಕೆಲಸ. ಅತ್ತೆಗೆ ಮಂಡಿ ನೋವು, ಮೆಟ್ಟಿಲು ಇಳಿಯಲಾರರು. ನಾನು ಹೊಸ್ತಿಲು ದಾಟಿದ ವಾರದಿಂದ ಅದು ನನ್ನದಾಯಿತು. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಬಹುಶಃ ಅದೊಂದೇ.

ಮೂರನೇ ಕಲ್ಲಿನ ಹಿಂದೆ, ಗೋಡೆಯ ಸಂದಿನಲ್ಲಿ, ಅವು ಇದ್ದವು.

ಮೊದಲ ಸಲ ನೋಡಿದಾಗ ಯಾರೋ ಹೆಂಗಸು ತಲೆ ಬಾಚಿ ಉದುರಿದ ಕೂದಲನ್ನು ಸುತ್ತಿ ಸಂದಿಗೆ ತುರುಕಿದ್ದಾಳೆ ಅಂದುಕೊಂಡೆ. ಸಿಟ್ಟು ಬಂತು, ದೇವರ ಜಾಗದಲ್ಲಿ ಇದೇನು ಅಂತ. ದೀಪ ಹತ್ತಿರ ಹಿಡಿದರೆ ಆ ಕೂದಲುಂಡೆ ಕುಣಿಯಿತು! ಮೇಲೆ ಕೆಳಗೆ, ಮೇಲೆ ಕೆಳಗೆ, ಎಲ್ಲವೂ ಒಟ್ಟಿಗೆ. ಮೆಣಸಿನ ಕಾಳಿನಷ್ಟು ಮೈ, ಅದಕ್ಕೆ ಎಂಟು ಕಾಲು, ಒಂದೊಂದು ಕಾಲು ನನ್ನ ಬೆರಳಿನಷ್ಟು ಉದ್ದ. ನಲವತ್ತೋ ಐವತ್ತೋ ಇದ್ದಿರಬೇಕು, ಕಾಲಿಗೆ ಕಾಲು ಹೆಣೆದುಕೊಂಡು. ದೀಪಕ್ಕೆ ದಂಡ ಹಾಕುತ್ತಿವೆ, ಅಡ್ಡಬೀಳುತ್ತಿವೆ ಅಂದುಕೊಂಡೆ. ನಿಜವಾಗಿಯೂ ಹಾಗೇ ನಂಬಿದೆ.

ಆರು ವರ್ಷ ಶುಕ್ರವಾರ ಶುಕ್ರವಾರ ಅವುಗಳನ್ನು ನೋಡಿದೆ. ಬಲೆ ಕಟ್ಟುವುದಿಲ್ಲ. ಎರಡನೇ ಜೋಡಿ ಕಾಲು ಉಳಿದವಕ್ಕಿಂತ ಉದ್ದ. ಕುರುಡರು ಕೋಲು ಆಡಿಸುವ ಹಾಗೆ ಅದನ್ನು ಮುಂದೆ ಆಡಿಸಿಕೊಂಡೇ ನಡೆಯುತ್ತವೆ. ಒಂದೊಂದೇ ಕಾಲನ್ನು ಬಾಯಿಗೆ ಕೊಟ್ಟು, ಬುಡದಿಂದ ತುದಿಯವರೆಗೆ ಎಳೆದು ಶುಚಿ ಮಾಡಿಕೊಳ್ಳುತ್ತವೆ, ನಾವು ಸೂಜಿಗೆ ಪೋಣಿಸುವ ಮೊದಲು ನೂಲಿನ ತುದಿಯನ್ನು ಬಾಯಲ್ಲಿ ಎಳೆಯುವುದಿಲ್ಲವೇ, ಹಾಗೆ. ಏಳು ಕಾಲಿನದು, ಆರು ಕಾಲಿನದು ಇದ್ದವು. ಹೋದ ಕಾಲು ಮತ್ತೆ ಬಂದದ್ದನ್ನು ನಾನು ಕಾಣೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಅತ್ತೆ ಸುಣ್ಣ ಹೊಡೆಸುತ್ತಿದ್ದರು.

ಆಮೇಲೆ ನನ್ನ ಮೈದುನನಿಗೆ ಮದುವೆಯಾಯಿತು. ಹುಡುಗಿ ತಿರುಪ್ಪೂರಿನವಳು, ಅಪ್ಪನಿಗೆ ಸಣ್ಣ ಬನಿಯನ್ ಕಂಪನಿ. ಬಿ.ಎಸ್ಸಿ. ಪ್ರಾಣಿಶಾಸ್ತ್ರ, ಕೊನೆಯ ವರ್ಷ ಬಾಕಿ. ಮುಗಿಸಲು ಬಿಡಬೇಕು ಅಂತ ಮಾತಾಗಿತ್ತು. ನನ್ನ ಅತ್ತೆ, ನನಗೆ ವಾರಪತ್ರಿಕೆ ಓದಿದರೂ "ಕಣ್ಣು ಹಾಳು" ಅನ್ನುತ್ತಿದ್ದವರು, ಅವಳನ್ನು ಬೆಳಗಿನ ಟೌನ್ ಬಸ್ಸಿಗೆ ತಾವೇ ಗೇಟಿನವರೆಗೆ ಹೋಗಿ ಕಳಿಸುತ್ತಿದ್ದರು.

"ನಮ್ಮ ಚಿಕ್ಕ ಅಮ್ಮಣಿ ಕಾಲೇಜು" ಅನ್ನುವುದು ಹಾಲಿನವನಿಗೆ, ಪಕ್ಕದ ತೋಟದವರಿಗೆ, ಎಲ್ಲರಿಗೆ.

ಅವಳ ಡಬ್ಬಿ ಕಟ್ಟುವವಳು ನಾನು. ಐದಕ್ಕೆ ಎದ್ದು ನಿಂಬೆಹಣ್ಣಿನ ಚಿತ್ರಾನ್ನ. ಇಲ್ಲಿ ಸತ್ಯ ಹೇಳಿಬಿಡುತ್ತೇನೆ: ಉಪ್ಪಿನಕಾಯಿ ಹಾಕುವಾಗ ಜಾಡಿಯ ಮೇಲಿನ ಒಳ್ಳೆಯ ಹೋಳು ಹಾಕಲಿಲ್ಲ, ತಳದ ಮೆತ್ತನೆಯದನ್ನು ಹಾಕಿದೆ. ಒಂದು ದಿನವಲ್ಲ, ಮೂರು ತಿಂಗಳು. ಅವಳು ತಿಂದು ಬಂದು, "ಅಕ್ಕಾ, ಇವತ್ತಿನ ಉಪ್ಪಿನಕಾಯಿ ಬಾಯಲ್ಲಿ ಹಾಗೇ ಕರಗಿತು" ಅಂದಳು. ಹೊಟ್ಟೆ ಇನ್ನಷ್ಟು ಉರಿಯಿತು.

ಮಳೆ ಬಿದ್ದು ನೆಲ ತಣ್ಣಗಾದ ಮೇಲೆ ಅವಳಿಗೊಂದು ಕೆಲಸ ಬಂತು. ಜೇಡದ ಜಾತಿಯ ನಾಲ್ಕು ಬಗೆಯನ್ನು ಹಿಡಿದು ಸ್ಪಿರಿಟ್ಟಿನಲ್ಲಿಟ್ಟು, ಬರೆದು, ಕಾಲೇಜಿಗೆ ಒಪ್ಪಿಸಬೇಕು. ಜೇಡ ಸಿಕ್ಕಿತು. ಚೇಳು ಸೌದೆಯಡಿ ಸಿಕ್ಕಿತು. ಉಣ್ಣೆ ಎಮ್ಮೆಯ ಕಿವಿಯಲ್ಲೇ ಇತ್ತು. ನಾಲ್ಕನೆಯದು ಸಿಗಲಿಲ್ಲ. ಮನೆ ಮುಂದಿನ ತಿಣ್ಣೆಯ ಮೇಲೆ ನೋಟ್‌ಬುಕ್ಕು ಬಿಡಿಸಿ ಕೂತು ಚಿತ್ರ ತೋರಿಸಿದಳು.

"ಇದನ್ನ ಎಲ್ಲಾದ್ರೂ ನೋಡಿದ್ದೀರಾ ಅಕ್ಕಾ? ಇಂಗ್ಲಿಷಲ್ಲಿ ಹಾರ್ವೆಸ್ಟ್‌ಮನ್ ಅಂತಾರೆ. ಕುಯ್ಲು ಮಾಡೋನು ಅಂತ. ಅವರ ದೇಶದಲ್ಲಿ ಕುಯ್ಲಿನ ಕಾಲಕ್ಕೆ ಜಾಸ್ತಿ ಕಾಣ್ಸುತ್ತಂತೆ."

"ಕುಯ್ಲಿಗೆ ಬರೋನಾ?" ಅತ್ತೆ ಒಳಗಿನಿಂದಲೇ ಕೇಳಿದರು. "ಕೂಲಿ ಎಷ್ಟು ಕೇಳ್ತಾನೆ ಕೇಳು. ಈಗ ಇರೋರು ಊಟ ಹಾಕಿದ್ರೂ ಬರ್ತಿಲ್ಲ."

"ಎಂಟು ಕಾಲು ಇದೆ ಅತ್ತೆ, ಕೈಯೇ ಇಲ್ಲ."

"ಹಾಗಾದ್ರೆ ಬೇಡ. ಓಡಿಹೋಗೋಕೆ ಮಾತ್ರ ಆಗ್ತಾನೆ."

ಇಬ್ಬರೂ ನಕ್ಕರು. ನಾನು ಚಿತ್ರ ನೋಡುತ್ತಿದ್ದೆ. ನನ್ನವೇ. ಕಾಲಿನ ಬಾಗು ಕೂಡ ಹಾಗೇ. ಆರು ವರ್ಷ ನಾನು ಹೆಸರಿಲ್ಲದೆ ಕಂಡದ್ದಕ್ಕೆ ಇವಳ ನೋಟಿನಲ್ಲಿ ಹೆಸರಿತ್ತು.

"ಇಲ್ಲಮ್ಮ, ನಾನು ನೋಡಿಲ್ಲ" ಅಂದೆ.

ಅವಳು ಹುಡುಕಿದಳು. ತೆಂಗಿನ ಬುಡ, ಸಗಣಿ ಗುಂಡಿಯ ಅಂಚು, ಮೋಟಾರು ರೂಮಿನ ಮೂಲೆ. ಸೀರೆ ಎತ್ತಿ ಕಟ್ಟಿ, ಔಷಧಿ ಸೀಸೆ ಹಿಡಿದು, ಕೆಸರು ಮೆತ್ತಿಕೊಂಡು ಬರುವಳು. ಬಾವಿಗೆ ಮಾತ್ರ ಇಳಿಯಲಿಲ್ಲ. ಊರೊಳಗೆ ನಲ್ಲಿ ನೀರಿನಲ್ಲಿ ಬೆಳೆದ ಹುಡುಗಿ, ಬಾವಿ ಎಂದರೆ ಜೀವಭಯ. ನಾನು ಪ್ರತಿ ಶುಕ್ರವಾರ ಇಳಿದು, ದೀಪ ಇಟ್ಟು, ಅವು ಕುಣಿಯುವುದನ್ನು ನೋಡಿ, ಹತ್ತಿ ಬಂದು, "ಸಿಕ್ಕಿತಾ ಅಮ್ಮಣಿ?" ಅಂತ ಕೇಳುತ್ತಿದ್ದೆ. ಅವಳ ಮುಖ ಬಾಡಿದ್ದು ನೋಡಿ ರಾತ್ರಿಯ ಊಟ ನನಗೆ ರುಚಿಸುತ್ತಿತ್ತು. ಅದು ಇಲ್ಲದಿದ್ದರೆ ಅಂಕ ಕಡಿಮೆ, ಅಂಕ ಕಡಿಮೆಯಾದರೆ ಮೇಲೆ ಓದಿಸುವ ಮಾತೇ ಬೇಡ ಅಂತ ಮೈದುನ ಹೇಳಿದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ.

ಕಾರ್ತೀಕ ಬಂತು. ಗುರುವಾರ ಅತ್ತೆ ಹೇಳಿದರು, "ದೊಡ್ಡವಳೇ, ನಿನ್ನ ದಿನ ಬರ್ತಾ ಇದೆ ಅಲ್ವಾ? ನೀನು ಹೊರಗೆ ಕೂತ ವಾರ ಕನ್ನಿಮಾರಿಗೆ ದೀಪ ತಪ್ಪಿಹೋಗ್ತಿತ್ತು. ಈಗ ಇಬ್ಬರಿದ್ದೀರಿ. ಚಿಕ್ಕವಳು ಇಡ್ತಾಳೆ."

"ಗೋಡೆ ಹಿಡ್ಕೊಂಡು ಇಳೀತೀನಿ ಅತ್ತೆ" ಅಂದಳು ಅವಳು. ಭಯವಿದ್ದರೂ ಒಪ್ಪಿದಳು.

ನಮ್ಮ ಮನೆಯಲ್ಲಿ ಮುಟ್ಟಾದವರು ಹಿಂಬದಿಯ ಸೋಗೆ ಮನೆಯಲ್ಲಿ ಮೂರು ದಿನ ಬೇರೆ ಚಾಪೆ, ಬೇರೆ ತಟ್ಟೆಯಲ್ಲಿ ಇರಬೇಕು. ನಾನು ಹನ್ನೆರಡನೇ ವಯಸ್ಸಿನಿಂದ ಒಂದು ಸಲವೂ ತಪ್ಪಿಸಿದವಳಲ್ಲ. ಶುಕ್ರವಾರ ಬೆಳಗ್ಗೆ ನನಗೆ ಆಯಿತು. ನಾನು ಹೇಳಲಿಲ್ಲ.

ಅಡುಗೆ ಮಾಡಿದೆ. ಅತ್ತೆ ನನ್ನ ಕೈಯಿಂದ ಉಂಡರು. ಸಂಜೆ ತಲೆಗೆ ಹೂ ಮುಡಿದು, ದೀಪದ ತಟ್ಟೆ ಹಿಡಿದು, ಆ ಮೈಯಲ್ಲೇ ಕನ್ನಿಮಾರ ಮುಂದೆ ಇಳಿದೆ. ಒಂದು ಹುಳವನ್ನು ಬಚ್ಚಿಡುವುದಕ್ಕೆ! ದೀಪ ಇಡುವಾಗ ತಟ್ಟೆಯ ಅಂಚು ಗೋಡೆಗೆ ಬಡಿಯಿತು. ಇಡೀ ಗುಂಪು ಒಡೆದು ನಾಲ್ಕೂ ಕಡೆ ಓಡಿತು. ನನ್ನ ಕೈ ಮೇಲೆ, ಕಲ್ಲುಗಳ ಮೇಲೆ. ಒಂದು ಥರ ಹುಳಿ ಹುಳಿ ವಾಸನೆ ಎದ್ದಿತು. ತಟ್ಟೆಯಲ್ಲಿ ನೋಡಿದರೆ ಕುಂಕುಮದ ಪಕ್ಕದಲ್ಲಿ ಎರಡು ಕಾಲು ಬಿದ್ದಿವೆ, ಬರೀ ಕಾಲು. ಅವು ಮಡಚಿ ಬಿಡಿಸಿ, ಮಡಚಿ ಬಿಡಿಸಿ ಆಡುತ್ತಿವೆ. ಮೈಯಿಲ್ಲ, ಜೀವ ಮಾತ್ರ ಇದೆ. ಕನ್ನಿಮಾರು ತಾಯಂದಿರು ತಮ್ಮ ಕೋಪವನ್ನು ನನ್ನ ಕಣ್ಣಿಗೇ ತೋರಿಸಿದರು ಅಂದುಕೊಂಡೆ. ತಟ್ಟೆಯನ್ನು ಅಲ್ಲೇ ಬಿಟ್ಟು ಹತ್ತಿ ಬಂದೆ.

ಆಮೇಲೆ ಬಂದದ್ದನ್ನು ನಾನು ಯೋಚಿಸಿಯೇ ಇರಲಿಲ್ಲ. ಹೊರಗೆ ಕೂರದಿದ್ದರೆ ಅತ್ತೆ ಏನೆಂದುಕೊಳ್ಳುತ್ತಾರೆ? ಹತ್ತು ದಿನ ಕಳೆದ ಮೇಲೆ ಒಂದು ಬೆಳಗ್ಗೆ ನನ್ನ ಕೈಗೆ ನೆಲ್ಲಿಕಾಯಿ ಹಾಕಿ ಮೆಲ್ಲಗೆ ಕೇಳಿದರು, "ಎಷ್ಟು ದಿನ ಆಯ್ತು?" ನಾನು ತಲೆ ತಗ್ಗಿಸಿದೆ. ತಗ್ಗಿದ ತಲೆಗೆ ಅವರು ಬೇರೆಯೇ ಅರ್ಥ ಕೊಟ್ಟರು. ನನ್ನ ಮಗಳಿಗೆ ಆಗ ಐದು ವರ್ಷ. ಆಮೇಲೆ ಒಂದು ಬಸಿರು ಇಳಿದುಹೋಗಿತ್ತು, ಮತ್ತೆ ಆಗಿರಲಿಲ್ಲ. ಅತ್ತೆಯ ಕಣ್ಣಲ್ಲಿ ನೀರು. ಸಂಜೆ ನಮ್ಮ ಮನೆಯವರು ಕೊಯಮತ್ತೂರಿನಿಂದ ದ್ರಾಕ್ಷಿ ತಂದರು, ಅಡುಗೆಮನೆಯ ಗೂಡಿನಲ್ಲಿಟ್ಟು ಹೋದರು. ಮದುವೆಯಾದ ಮೇಲೆ ಅವರಾಗಿ ನನಗೆ ಹಣ್ಣು ತಂದದ್ದು ಅದೇ ಮೊದಲು. ಅಷ್ಟನ್ನೂ ಮಗಳಿಗೆ ಕೊಟ್ಟುಬಿಟ್ಟೆ. ಮರುದಿನ ಅತ್ತೆ ಬಾವಿಯ ಮೇಲೆ ನಿಂತು ಜೋರಾಗಿ ಹರಕೆ ಹೊತ್ತರು: ಗಂಡು ಹುಟ್ಟಿದರೆ ಏಳು ಕನ್ಯೆಯರಿಗೂ ಏಳು ಹೊಸ ಸೀರೆ.

ಅಂದು ಮಧ್ಯಾಹ್ನ ರುಬ್ಬುವ ಕಲ್ಲಿನ ಮುಂದೆ ನಾನು ಇಡ್ಲಿ ಹಿಟ್ಟು ತಿರುವುತ್ತಿದ್ದೆ. ಚಿಕ್ಕವಳು ಬಂದು ಉದ್ದು ತಳ್ಳಲು ಕೂತಳು. ಆ ಕೆಲಸ ಅವಳಿಗೆ ಬರುತ್ತಿರಲಿಲ್ಲ, ಬೆರಳು ಜಜ್ಜಿಕೊಳ್ಳುತ್ತಿದ್ದಳು.

"ಅಕ್ಕಾ, ನೀವು ಗುಂಡುಕಲ್ಲು ತಿರುವಬಾರದು. ಬಿಡಿ, ನಾನು ತಿರುವ್ತೀನಿ" ಅಂದಳು.

ಅಷ್ಟೇ ಸಾಕಾಯಿತು. ಎಲ್ಲ ಹೇಳಿಬಿಟ್ಟೆ. ಹುಳ, ಶುಕ್ರವಾರ, ತಟ್ಟೆಯಲ್ಲಿ ಆಡಿದ ಕಾಲು, ಎಲ್ಲ. ಉಪ್ಪಿನಕಾಯಿಯನ್ನು ಮಾತ್ರ ಹೇಳಲಿಲ್ಲ.

ಉದ್ದು ಅವಳ ಕೈಯಿಂದ ಸೋರುತ್ತಿತ್ತು.

"ಒಂದೂವರೆ ತಿಂಗಳು ನಾನು ಸಗಣಿ ಗುಂಡಿ ಕೆದಕಿದೆ ಅಕ್ಕಾ."

"ಹೌದು."

"ಅಲ್ಲಿ ನಿಂತು ದಿನಾ 'ಸಿಕ್ಕಿತಾ' ಅಂತ ಕೇಳಿದ್ರಿ."

"ಹೌದಮ್ಮ."

ಬೈಯುತ್ತಾಳೆ ಅಂತ ಕಾದೆ. ಅವಳು ಕೈ ತೊಳೆದು ಬಂದು ಕೂತಳು. "ಆ ಕಾಲು ಆಡೋದು ತಾಯಂದಿರ ಕೋಪ ಅಲ್ಲ. ಅದು ತಾನೇ ಕಾಲು ಕಳಚಿ ಬಿಡುತ್ತೆ. ಹಿಡಿಯೋಕೆ ಬಂದೋರು ಆಡೋ ಕಾಲನ್ನ ನೋಡ್ತಾ ನಿಲ್ತಾರೆ, ಅಷ್ಟರಲ್ಲಿ ಇದು ಓಡುತ್ತೆ. ಆ ವಾಸನೆನೂ ಅದಕ್ಕೇ. ಕುಣಿಯೋದೂ ಅದಕ್ಕೇ, ಎದುರಿನವರಿಗೆ ಕಣ್ಣು ಕಟ್ಟೋಕೆ. ನಿಮಗೆ ಹೆದರಿದೆ ಅಷ್ಟೇ."

ಎದೆಯ ಮೇಲಿನ ಕಲ್ಲು ಇಳಿಯಿತು. ಇಳಿದ ಮೇಲೆ ಇನ್ನೊಂದು ಉರಿ ಶುರುವಾಯಿತು. ಆರು ವರ್ಷ ದೀಪಕ್ಕೆ ದಂಡ ಹಾಕುತ್ತವೆ ಅಂತ ನಾನು ನಂಬಿದ್ದನ್ನು ಒಂದು ಮಾತಿನಲ್ಲಿ ಹೆದರಿಕೆ ಮಾಡಿಬಿಟ್ಟಳು. ನನ್ನ ಪಾಪಕ್ಕೂ ಅವಳ ನೋಟಿನಲ್ಲಿ ಕಾರಣ ಬರೆದಿತ್ತು.

"ಅತ್ತೆಗೆ ಏನು ಹೇಳಲಿ?" ಅಂದೆ.

"ಇವತ್ತು ಆಯ್ತು ಅಂತ ಹೇಳಿ ಹೊರಗೆ ಕೂತ್ಕೊಳ್ಳಿ. ತಡವಾಗಿ ಬರೋದು ಇದ್ದೇ ಇದೆ."

ಹಾಗೆ ಇಲ್ಲದ ಮುಟ್ಟಿಗೆ ನಾನು ಮೂರು ದಿನ ಸೋಗೆ ಮನೆಯಲ್ಲಿ ಕೂತೆ. ಕದ್ದ ಮೂರು ದಿನವನ್ನು ತಾಯಂದಿರಿಗೆ ತಿರುಗಿ ಕೊಟ್ಟೆ ಅಂದುಕೊಂಡೆ. ಅತ್ತೆ ತಟ್ಟೆ ತಂದಿಟ್ಟು ಹೋದರು, ಅದು ಬೈಗುಳಕ್ಕಿಂತ ಕಷ್ಟ. ಎರಡು ವಾರಕ್ಕೆ ನಿಜವಾದದ್ದು ಬಂದಾಗ "ಮೈಯಲ್ಲಿ ಉಷ್ಣ" ಎಂದು ಮೆಂತ್ಯ ನೆನೆಸಿದ ನೀರು ಕುಡಿಸಿದರು. ಕಣ್ಣು ಮುಚ್ಚಿ ಕುಡಿದೆ.

ಆದರೆ ಆ ಮೂರು ದಿನದೊಳಗೆ ಶುಕ್ರವಾರ ಬಂತು. ಇದನ್ನೂ ನಾನು ಯೋಚಿಸಿರಲಿಲ್ಲ. "ಮೂರನೇ ಕಲ್ಲಿನ ಹಿಂದೆ, ಎಡಗಡೆ ಬಗ್ಗಿ ನೋಡು" ಅಂತ ನಾನೇ ಹೇಳಿಕೊಟ್ಟಿದ್ದೆ. ಚಿಕ್ಕವಳು ನನ್ನ ತಟ್ಟೆ, ನನ್ನ ದೀಪ, ಜೊತೆಗೆ ಸೀಸೆ ತೆಗೆದುಕೊಂಡು ಇಳಿದಳು. ನಾನು ಸೋಗೆಯ ಕಂಬ ಹಿಡಿದು ಕೂತಿದ್ದೆ. ಕೆಳಗಿನಿಂದ ಅವಳು ಕೂಗಿದ್ದು ಕೇಳಿಸಿತು, ಹೆದರಿಕೆಯ ಕೂಗಲ್ಲ, ಖುಷಿಯದು. ಮಗುವಿಗೆ ಹಾಲು ಬಿಡಿಸಿದ ದಿನ ಮಗು ಇನ್ನೊಬ್ಬರ ತೊಡೆಯ ಮೇಲೆ ನಗುವುದನ್ನು ನೋಡಿದವರಿಗೆ ಗೊತ್ತು ನನಗಾದದ್ದು.

ನನ್ನನ್ನು ಮುಟ್ಟಬಾರದಲ್ಲ, ಸೀಸೆಯನ್ನು ನಾಲ್ಕು ಅಡಿ ದೂರದಲ್ಲಿ ನೆಲಕ್ಕಿಟ್ಟಳು. ನಾಲ್ಕು ಹುಳ. ನಮ್ಮಿಬ್ಬರಿಗೆ ಮಾತ್ರ ಅದು ನಾಟಕ ಅಂತ ಗೊತ್ತು, ಆದರೂ ಇಬ್ಬರೂ ಗೆರೆ ದಾಟಲಿಲ್ಲ.

"ಜೇಡಕ್ಕೆ ಎದೆ ಬೇರೆ, ಹೊಟ್ಟೆ ಬೇರೆ, ನಡುವೆ ಸೊಂಟ" ಅಂದಳು. "ಇದು ಒಂದೇ ತುಂಡು ನೋಡಿ. ಬೆನ್ನ ಮೇಲೆ ಸಣ್ಣ ಉಬ್ಬು ಇದೆಯಲ್ಲ, ಅದರ ಎರಡು ಪಕ್ಕ ಎರಡೇ ಕಣ್ಣು. ವಿಷ ಇಲ್ಲ, ನೂಲು ತೆಗೆಯೋಕೆ ಬರಲ್ಲ. ಲೋಕದಲ್ಲಿ ಇದರಲ್ಲಿ ಸಾವಿರಗಟ್ಟಲೆ ಬಗೆ ಇದೆಯಂತೆ ಅಕ್ಕಾ. ಕೆಲವು ಬಗೆಯಲ್ಲಿ ಮೊಟ್ಟೆ ಕಾಯೋದು ಗಂಡು. ಹೆಣ್ಣು ಇಟ್ಟು ಹೋಗ್ತಾಳೆ, ಅವನು ಊಟ ಬಿಟ್ಟು ಕೂತಿರ್ತಾನೆ."

"ಅದು ನಮ್ಮ ಬಾವಿಯ ಬಗೆ ಅಲ್ಲ, ಬಿಡು. ನಮ್ಮದರಲ್ಲಿ ಹೆಣ್ಣು ಹೊಟ್ಟೆಯಿಂದ ಒಂದು ಕೊಳವೆ ಚಾಚಿ ಒದ್ದೆ ಮಣ್ಣಿನ ಬಿರುಕಿಗೆ ತೂರಿಸುತ್ತೆ. ಕಾಯೋಕೆ ಯಾರೂ ಇಲ್ಲ."

ಅವಳು ತಲೆ ಎತ್ತಿದಳು. "ನೀವು ನೋಡಿದ್ದೀರಾ?"

"ಎರಡು ಸಲ. ನೈವೇದ್ಯದ ತೆಂಗಿನ ಚೂರು, ಬೆಲ್ಲ ಬಿದ್ದರೆ ಕಚ್ಚಿ ತಿನ್ನುತ್ತೆ. ಸತ್ತ ಇರುವೆನೂ. ಜೇಡದ ಹಾಗೆ ಹೀರೋದಲ್ಲ, ಚೂರು ಚೂರು ಮಾಡಿ ಅಗಿಯುತ್ತೆ."

ಅವಳು ನೋಟು ತೆಗೆದು ಬರೆದುಕೊಂಡಳು. ನಾನು ಹೇಳಿದ್ದನ್ನು ಒಬ್ಬರು ಬರೆದುಕೊಂಡದ್ದು ನನ್ನ ಜನ್ಮದಲ್ಲೇ ಮೊದಲು. ಆಮೇಲೆ ಸಣ್ಣ ಚೀಟಿ ಕತ್ತರಿಸಿದಳು.

"ಸೀಸೆಯೊಳಗೆ ಊರು, ತಾರೀಕು, ಹಿಡಿದವರ ಹೆಸರು ಹಾಕಬೇಕು. ನಿಮ್ಮ ಹೆಸರು ಹಾಕ್ಲಾ ಅಕ್ಕಾ? ಕಂಡುಹಿಡಿದೋರು ನೀವೇ."

ಸೀಸೆಯಲ್ಲಿ ಸ್ಪಿರಿಟ್ಟು ಬಿದ್ದು ನಾಲ್ಕು ಹುಳವೂ ಕಾಲು ಮಡಚಿಕೊಳ್ಳುತ್ತಿದ್ದವು. "ಬೇಡಮ್ಮ. ತಾಯಂದಿರ ಮನೆಯ ಜೀವ ತೆಗೆದ ಸೀಸೆಯಲ್ಲಿ ನನ್ನ ಹೆಸರು ಬೇಡ" ಅಂದೆ. ಅವಳು ತನ್ನ ಹೆಸರು ಬರೆದಳು. ಪೆನ್ಸಿಲು ಚೀಟಿಯ ಮೇಲೆ ಓಡುವಾಗಲೇ ನನಗೆ ಅಯ್ಯೋ ಅನಿಸಿತು. ಬೇಡ ಅಂದವಳು ನಾನೇ. ದೇವರ ಭಯಕ್ಕೆ ಅಂದೆನೋ, ಇನ್ನೊಂದು ಸಲ ಕೇಳಲಿ ಅಂತ ಅಂದೆನೋ. ಅವಳು ಇನ್ನೊಂದು ಸಲ ಕೇಳಲಿಲ್ಲ.

ಪೊಂಗಲ್ ಕಳೆದು ಅವಳ ಕಾಲೇಜಿನಲ್ಲಿ ಪ್ರದರ್ಶನ ಇಟ್ಟರು. ಮನೆಯವರೆಲ್ಲ ಹೋದೆವು. ಅತ್ತೆ ಹಾವಿನ ಸೀಸೆಗೆ ಕೈ ಮುಗಿದು ಅಲ್ಲೇ ಒಂದು ಬೆಂಚು ಹಿಡಿದರು. ಚಿಕ್ಕವಳನ್ನು ಯಾರೋ ಮೇಡಂ ಕರೆದುಕೊಂಡು ಹೋದರು. ನಾನು ಅವಳ ಮೇಜಿನ ಹತ್ತಿರ ಒಬ್ಬಳೇ. ನನ್ನ ನಾಲ್ಕು ಹುಳ, ಅವಳ ಹೆಸರಿನ ಚೀಟಿ.

ಸೂಲೂರು ಕಡೆಯವರಂತೆ, ಗಂಡ ಹೆಂಡತಿ ಇಬ್ಬರು ಬಂದು ನಿಂತರು. "ಇದು ಎನ್ನಂಗ? ಎಟ್ಟುಕಾಲು ಪೂಚ್ಚಿಯಾ?" ಅಂತ ಆ ಹೆಂಗಸು ನನ್ನನ್ನೇ ಕೇಳಿದರು, ಜೇಡವೇ ಇದು ಅಂತ.

ಅಲ್ಲ ಅಂದೆ, ತಮಿಳಿನಲ್ಲೇ. ಸೊಂಟ ನೋಡಿ ಅಂದೆ. ಜೇಡಕ್ಕೆ ಇದೆ, ಇದಕ್ಕೆ ನನ್ನ ಹಾಗೆ ಸೊಂಟವೇ ಇಲ್ಲ. ಅವರು ನಕ್ಕರು. ನಗು ಕೇಳಿ ಇನ್ನಿಬ್ಬರು ಬಂದರು. ಕಾಲು ಕಳಚುವುದನ್ನು ಹೇಳಿದೆ, ಕೋಲಿನ ಹಾಗೆ ಕಾಲು ಆಡಿಸುವುದನ್ನು ಕೈಯಲ್ಲಿ ಮಾಡಿ ತೋರಿಸಿದೆ, ಬೆಲ್ಲ ತಿನ್ನುವುದನ್ನು ಹೇಳಿದೆ. ಹುಡುಗಿಯರು ಸುತ್ತ ನಿಂತರು. ನನ್ನ ಬಾಯಿಗೆ ಬೀಗ ಇರಲಿಲ್ಲ. "ಇದೊಂದೇ ಅಲ್ಲಮ್ಮ" ಅಂದೆ, "ನಮ್ಮ ತೋಟದಲ್ಲಿ ಬಟ್ಟೆ ಒಗೆಯೋ ಕಲ್ಲಿನಡಿ ಇನ್ನೊಂದು ಬಗೆ ಇದೆ. ಕಾಲು ಗಿಡ್ಡ, ಮೈ ಚಿಪ್ಪಿನ ಹಾಗೆ ಗಟ್ಟಿ, ಬಾಯಿ ಹತ್ತಿರ ಮುಳ್ಳುಮುಳ್ಳು ಕೈ. ಮುಟ್ಟಿದರೆ ಸತ್ತ ಹಾಗೆ ಬಿದ್ದಿರುತ್ತೆ."

ಹೇಳಿ ತಲೆ ಎತ್ತಿದರೆ ಹುಡುಗಿಯರ ಹಿಂದೆ ಚಿಕ್ಕವಳು ನಿಂತಿದ್ದಾಳೆ. ಎಷ್ಟು ಹೊತ್ತಿನಿಂದಲೋ. ಪಕ್ಕದಲ್ಲಿ ಅವಳ ಮೇಡಂ, ಅವರು ಅವಳನ್ನಲ್ಲ, ನನ್ನನ್ನು ನೋಡುತ್ತಿದ್ದಾರೆ. ಅವಳ ಮುಖದಲ್ಲಿ ಬಿಗಿದುಕೊಂಡದ್ದು ಏನು ಅಂತ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅದೇ ಉರಿ. ಕಂಡು ನನಗೆ ಸಂತೋಷವಾಯಿತು ಅಂತ ಬರೆಯಲು ಈಗ ನಾಚಿಕೆ. ಆಯಿತು.

ಬಸ್ಸಿನಲ್ಲಿ ನನ್ನ ಪಕ್ಕವೇ ಕೂತಳು. ಅರ್ಧ ದಾರಿ ಕಿಟಕಿಯ ಕಡೆ ತಿರುಗಿದ್ದಳು.

"ಗಿಡ್ಡ ಕಾಲಿಂದು ಬೆಟ್ಟದ ಮೇಲೆ ಹೋದರೆ ಮಾತ್ರ ಸಿಗುತ್ತೆ ಅಂದಿದ್ರು ಮೇಡಂ. ಒಗೆಯೋ ಕಲ್ಲಿನಡಿ ಇತ್ತಾ?"

"ಇತ್ತು."

"ಇನ್ನೂ ಏನೇನು ಬಚ್ಚಿಟ್ಟಿದ್ದೀರಕ್ಕಾ?"

"ಉಪ್ಪಿನಕಾಯಿ" ಅಂದೆ. ಹೇಳಿಬಿಟ್ಟೆ ಅದನ್ನೂ, ಮೇಲಿನ ಹೋಳು, ತಳದ ಹೋಳು, ಮೂರು ತಿಂಗಳು. ಅವಳು ನನ್ನ ಮುಖವನ್ನೇ ನೋಡಿದಳು. ಮುಂದಿನ ಸೀಟಿನಿಂದ ಅತ್ತೆ ತಿರುಗಿ, "ಏನ್ರೇ ಅದು ಗುಸುಗುಸು?" ಅಂದರು. "ಏನಿಲ್ಲ ಅತ್ತೆ, ಉಪ್ಪಿನಕಾಯಿ" ಅಂದಳು ಚಿಕ್ಕವಳು. ಆಮೇಲೆ ನನ್ನ ಕಡೆ ಬಗ್ಗಿ, "ಆ ಕಲ್ಲು ಎತ್ತಿ ತೋರಿಸ್ತೀರಾ?"

"ನಾಳೆ ಬಟ್ಟೆ ಒಗೆಯೋಕೆ ಬಾ. ಮದುವೆಯಾಗಿ ಬಂದಾಗಿನಿಂದ ಆ ಕಲ್ಲಿನ ಹತ್ತಿರ ನೀನು ಒಂದು ದಿನ ಬಂದಿಲ್ಲ. ಒಗೆದರೆ ತೋರಿಸ್ತೀನಿ."

ಬಂದಳು. ಎರಡು ಬಕೆಟ್ ಒಗೆದಳು, ಮೈದುನನ ಬಿಳಿ ಅಂಗಿಗೆ ನೀಲಿ ಹೆಚ್ಚು ಹಾಕಿ ಹಾಳು ಮಾಡಿದಳು. ನಾನು ತಿದ್ದಲಿಲ್ಲ. ಕೊನೆಯ ಸೀರೆ ಹಿಂಡಿದ ಮೇಲೆ ಇಬ್ಬರೂ ಸೇರಿ ಕಲ್ಲನ್ನು ಒಂದು ಕಡೆ ಎತ್ತಿದೆವು.